ಅಚ್ಚು

ನಮ್ಮ ರೋಗದ ಬಂಡವಾಳ ಹನ್ನೊಂದು ಸಾವಿರ ಡಾಲರು,
ಅದರಲ್ಲಿ ಅರ್ಧ ಕ್ಯಾಮೆರಾ ಬಾಡಿಗೆಗೇ ಹೋಯಿತು.
ಉಳಿದದ್ದರಲ್ಲಿ ಊರಿಗೆ ಊರೇ ಕೊಳೆಯಬೇಕು
ಮೂರು ವಾರದಲ್ಲಿ, ಅದೂ ಫೆಬ್ರವರಿಯಲ್ಲಿ,
ಸುಪೀರಿಯರ್ ಸರೋವರ ದಡದ ತನಕ ಕಲ್ಲಾಗಿ
ಥಂಡರ್ ಬೇಯಲ್ಲಿ ಉಸಿರೂ ಮೀಸೆಗೆ ಅಂಟಿಕೊಳ್ಳುವಾಗ.

ಡ್ವೇನ್ ಕೊಸ್ಟಿಯುಕ್, ಮಾವನ ಮಾಂಸದಂಗಡಿಯ ವ್ಯಾನಿನಿಂದ
ಇಳಿದವನೇ ಕೇಳಿದ: ಐಲಾ, ಕೀವು ಮಾಡಲು ಬರುತ್ತಾ?
ನಾನು ಬೇಕರಿಯಲ್ಲಿ ಕೇಕಿನ ಮೇಲೆ ಗುಲಾಬಿ ಕೂರಿಸುವವಳು.
ಕಸ್ಟರ್ಡ್ ಬರುತ್ತೆ, ಅಂದೆ.
ಅಷ್ಟು ಸಾಕು, ಅಂದ.

ಜೆಲಟಿನ್, ಓಟ್ಸ್ ಗಂಜಿ, ಜೋಳದ ಪಾಕ,
ಬೀಟ್‌ರೂಟ್ ಬೇಯಿಸಿದ ನೀರು.
ಟಿಶ್ಯೂ ಕಾಗದವನ್ನು ಪದರ ಪದರ ಹರಿದು
ಕೆನ್ನೆಗೆ ಮೆತ್ತಿದರೆ ಹಕ್ಕಳೆ.
ಅಕ್ಕಿ ಪುರಿ ಒಳಗಿಟ್ಟು ರಬ್ಬರ್ ಹಾಲು ಬಳಿದರೆ ಗುಳ್ಳೆ;
ಒತ್ತಿದರೆ ಸದ್ದು ಕೂಡ ಬರುತ್ತಿತ್ತು, ಅದನ್ನು ಡ್ವೇನ್ ಬಹಳ ಮೆಚ್ಚಿದ.
ಸಾಯಲು ಇದ್ದವರು ಒಂಬತ್ತೇ ಜನ.
ಸತ್ತು, ಮುಖ ತೊಳೆದು, ಕೋಟು ಬದಲಿಸಿ
ಮತ್ತೆ ಬಂದು ಸಾಯುತ್ತಿದ್ದರು.
ಚರ್ಚಿನ ಮೇಳದಲ್ಲಿ ಹಾಡುವ ವಿಧವೆ ಹೈವೊನೆನ್
ನಾಲ್ಕು ಸಲ ಸತ್ತಳು, ಐದನೆಯದಕ್ಕೂ ಹೆಸರು ಕೊಟ್ಟಳು.

ಮಧ್ಯಾಹ್ನ ಆ ಹುಣ್ಣುಗಳಲ್ಲೇ ಡೋನಟ್ ಅಂಗಡಿಗೆ ಹೋದೆವು.
ಬರ್ನೀಸ್ ನಮ್ಮ ಕೈಗಳನ್ನು ಒಮ್ಮೆ ನೋಡಿ
ಕಾಫಿ ಸುರಿಯುತ್ತಲೇ ಕೇಳಿದಳು:
ಕಾಗದದ ಗಿರಣಿಯವರಾ?

ಒಂದು ಕೈ ಬೇಕು, ಅಂದ ಡ್ವೇನ್. ಪರದೆ ತುಂಬ ಒಂದೇ ಕೈ.
ನೋಡಿದವರು ಮುಖ ತಿರುಗಿಸಬೇಕು.
ಅಂಥದ್ದೊಂದು ನನಗೆ ಗೊತ್ತಿತ್ತು. ಮಾಡುವ ಕೆಲಸವೇ ಇರಲಿಲ್ಲ.

ಅಪ್ಪ ಮೂವತ್ತೊಂದು ವರ್ಷ ಬ್ಲೀಚಿಂಗ್ ವಿಭಾಗದಲ್ಲಿದ್ದ.
ಜಗತ್ತಿಗೆ ಬಿಳಿ ಹಾಳೆ ಕೊಟ್ಟು
ತನ್ನ ತೊಗಲನ್ನು ಬರ್ಚ್ ಮರದಂತೆ ಸುಲಿಸಿಕೊಂಡವನು.
ಜುಲೈ ತಿಂಗಳಲ್ಲೂ ಕೈಗವಸು. ನನ್ನ ಮದುವೆಯಲ್ಲೂ.
ಹಲ್ಲಿನ ಡಾಕ್ಟರು ಬಿಸಾಕಿದ ಅಚ್ಚಿನ ಪುಡಿ ಕಲಸಿ
ಬೋಗುಣಿ ಮುಂದಿಟ್ಟೆ. ಯಾಕೆ ಅಂತ ಕೇಳಲಿಲ್ಲ.
ಗವಸು ಕಳಚಿ ಮುಳುಗಿಸಿ, ಕಿಟಕಿಯ ಕಡೆ ನೋಡುತ್ತ ಕೂತ.
ನಾಲ್ಕು ನಿಮಿಷ ಅವನ ಮಣಿಕಟ್ಟು ಹಿಡಿದಿದ್ದೆ.
ಅಷ್ಟು ಹೊತ್ತು ಹಿಂದೆಂದೂ ಹಿಡಿದ ನೆನಪಿಲ್ಲ.

ಆ ಒಂದು ಅಚ್ಚಿನಿಂದ ಹದಿನೆಂಟು ರಬ್ಬರ್ ಕೈ ಎರೆದೆ.
ಪಾದ್ರಿಗೊಂದು, ಬ್ಯಾಂಕಿನ ಗುಮಾಸ್ತೆಗೊಂದು,
ಮೇಯರ್ ಪಾತ್ರದ ಆರ್ವಲ್‌ಗೆ ಎರಡು.
ಕೈಕುಲುಕಿದಲ್ಲೆಲ್ಲ ರೋಗ ಹಬ್ಬಿತು,
ಊರಿನ ತುಂಬ ಅಪ್ಪನ ಕೈ.

ಯೂನಿಯನ್ ಸಭಾಂಗಣದಲ್ಲಿ ತೋರಿಸಿದೆವು, ಮಡಚುವ ಕುರ್ಚಿ ಹಾಕಿ.
ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ;
ನನಗೆ ಹತ್ತಡಿ ಪರದೆ ಬೇಕಾಯಿತು.
ಕೈ ಬಂದಾಗ ಸಭೆಗೆ ಸಭೆಯೇ ಚೀರಿತು,
ನಾಲ್ಕು ಸಲ ನೆಟ್ಟಗೆ ಸತ್ತ ಹೈವೊನೆನ್ ಕೂಡ ಕಣ್ಣು ಮುಚ್ಚಿದಳು.
ಮೂರನೇ ಸಾಲಿನಲ್ಲಿ ಅಪ್ಪ
ತೊಡೆಯ ಮೇಲಿನ ಎರಡೂ ಗವಸುಗಳನ್ನು
ಮೆಲ್ಲಗೆ ಟೋಪಿಯ ಕೆಳಗೆ ಸರಿಸಿದ.

ಮದ್ದು ಕಂಡುಹಿಡಿಯುವ ದೃಶ್ಯಕ್ಕೆ ದುಡ್ಡು ಸಾಲದೆ
ರೀಲು ಹಾಗೇ ಮುಗಿಯಿತು, ಬಾಗಿಲು ತಟ್ಟುವ ಕೈಯಲ್ಲಿ.

ದಾರಿಯುದ್ದಕ್ಕೂ ಮಾತಿಲ್ಲ. ಹೀಟರ್ ಕೆಟ್ಟಿತ್ತು.
ರೈಲು ಗೇಟಿನಲ್ಲಿ ಕಾರು ನಿಂತಾಗ ಅಂದ:
ಹೆಬ್ಬೆರಳು ಸರಿ ಬಂದಿಲ್ಲ.
ಅಲ್ಲಿ ಸೀಳು ಎರಡು. ನೀನು ಒಂದೇ ತೋರಿಸಿದ್ದೀಯ.
ಗವಸಿನ ತುದಿ ಹಲ್ಲಲ್ಲಿ ಕಚ್ಚಿ ಎಳೆದು
ಒಳದೀಪ ಹಾಕು, ಅಂದ.

ಗೂಡ್ಸ್ ಗಾಡಿ ಉದ್ದವಿತ್ತು,
ಗೋಧಿಯ ಬೋಗಿಗಳು, ನೂರಕ್ಕೂ ಮೇಲೆ.