ಕೊನೆಯ ದಿನಾಂಕ

ನೋಟಿಸು ಹಚ್ಚಿದ್ದು ಸೋಮವಾರ, ಊಟದ ಹೊತ್ತಿಗೆ.
ಹನ್ನೊಂದು ಸಾವಿರದ ನಾನೂರು ಇದ್ದದ್ದು
ಹತ್ತೊಂಬತ್ತು ಸಾವಿರದ ಎಂಟುನೂರು.
ಕೆಳಗೆ ಹಸಿರು ಶಾಯಿಯ ಸಹಿ,
ಯಾರದೆಂದು ಓದಲಾಗದು.

ಪ್ರಜ್ವಲಾ ತಾಂಡೇಲ ಮೊಬೈಲು ತೆಗೆದು ಕಳೆದಳು,
ಮತ್ತೊಮ್ಮೆ ಕಳೆದಳು,
ಎರಡನೇ ಸಲ ಕಡಿಮೆ ಬಂದೀತೆಂದು.
ಇಮ್ತಿಯಾಜ ನಕ್ಕ; ಹೆದರಿದಾಗ ಅವನು ನಗುವುದೇ.
ಬೆಳಂಬಾರದ ಬೊಮ್ಮು ಗೌಡ ಏನೂ ಅನ್ನದೆ
ಬಸ್ ಪಾಸಿನ ಹಿಂಬದಿಗೆ ಬರೆದುಕೊಂಡ,
ಯಾರದೋ ಫೋನ್ ನಂಬರಿನ ಹಾಗೆ.

ಕೊನೆಯ ದಿನಾಂಕ ಜುಲೈ ಹತ್ತು.
ಜುಲೈ ಹತ್ತಕ್ಕೆ ಬೈತಖೋಲದ ಬೋಟುಗಳೆಲ್ಲ
ಹಗ್ಗ ಕಟ್ಟಿಸಿಕೊಂಡು ನಿಂತಿರುತ್ತವೆ.
ಮೊಟ್ಟೆ ಇಡಲೆಂದು ಮೀನಿಗೆ
ಎರಡು ತಿಂಗಳು ರಜೆ ಕೊಟ್ಟದ್ದೂ ಸರಕಾರವೇ.
ಆಯಿ ಬುಟ್ಟಿ ಕವುಚಿಟ್ಟು
ಡಬ್ಬಿಯ ಒಣಸೀಗಡಿ ಅಳೆಯುವ ಕಾಲ.
"ಆಗಸ್ಟಿಗೆ ಕೊಟ್ರೆ ಆಗ್ತದಾ ಕೇಳು" ಅಂದಳು.
ಕೇಳಿದೆ. ಕ್ಲರ್ಕು ಕೆಟ್ಟವರಲ್ಲ,
ಕಿಟಕಿಯಿಂದ ತುಸು ಬಗ್ಗಿಯೇ ಹೇಳಿದರು:
ದಂಡ ದಿನಕ್ಕೆ ಐವತ್ತು,
ಕಂಪ್ಯೂಟರು ತಾನಾಗೇ ಹಾಕಿಕೊಳ್ಳುತ್ತದೆ.

ಬುಧವಾರ ಕೋಡಿಬಾಗದಿಂದ ಡಿಸಿ ಕಚೇರಿಗೆ
ನಲವತ್ತೊಂದು ಜನ, ಹದಿನಾರು ಕೊಡೆ.
ಘೋಷಣೆಗೆ ಕೊಂಕಣಿಯಲ್ಲಿ ಪ್ರಾಸ ಕೂಡಲಿಲ್ಲ,
ಕನ್ನಡದಲ್ಲೇ ಕೂಗಿದೆವು.
ಮನವಿ ತಗೊಂಡವರು ಮೊದಲು ನಮ್ಮ ಕಾಗುಣಿತ ತಿದ್ದಿದರು,
ಆಮೇಲೆ ಸೀಲು ಒತ್ತಿದರು. ನಮ್ಮ ಪ್ರತಿಗೂ.

ಆ ರಾತ್ರಿ ಗಾಳಿ.
ಬೆಳಿಗ್ಗೆ ನೋಟಿಸು ಅಂಗಳದಲ್ಲಿ ಮಗುಚಿ ಬಿದ್ದಿತ್ತು,
ಒದ್ದೆ.
ಸುತ್ತ ನಿಂತೆವು. ಯಾರಿಗೂ ಮಾತಿಲ್ಲ.
ಕೂಗಿ ಆಗದ್ದು ಗಾಳಿಗೆ ಆಯಿತಾ?

ಕಡೆಗೆ ಪ್ರಜ್ವಲಾನೇ ಹೆಕ್ಕಿ,
ದುಪಟ್ಟಾದಲ್ಲಿ ಒರೆಸಿ,
ತನ್ನದೇ ಪಿನ್ನು ಬಿಚ್ಚಿ ಮತ್ತೆ ಚುಚ್ಚಿದಳು.
"ತಾರೀಖು ಇದರಲ್ಲೇ ಅಲ್ಲನಾ ಇರೂದು" ಅಂದಳು,
ನಮ್ಮ ಕಡೆ ನೋಡದೆ.