ಮೊದಲನೇ ಮಡಿ

ಗುತ್ತಲಿನ ಬಾಡಿಗೆ ಮನೆಯಲ್ಲಿ ಆ ಬೇಸಿಗೆ
ನಾಲ್ಕು ದೇಶಗಳನ್ನು ಒಂದೇ ಹಾಳೆಯ ಮೇಲೆ ಕೂರಿಸುತ್ತಿದ್ದೆ.
ಇಟಲಿ ಕೆಂಪು. ಕೊರಿಯಾ ಹಸಿರು.
ಪೆರು, ಮಗಳ ಡಬ್ಬಿಯಲ್ಲಿ ಉಳಿದಿದ್ದ ಮೋಟು ನೇರಳೆ.
ನಮ್ಮದಕ್ಕೆ ಪೆನ್ಸಿಲು,
ದಿನಾ ಅಳಿಸಿ ತಿದ್ದಬೇಕಿತ್ತಲ್ಲ.

ತಾರೀಖು ಹಿಡಿದು ಹೋಲಿಸಿದರೆ ಏನೂ ತಿಳಿಯುವುದಿಲ್ಲ.
ಒಬ್ಬರು ಮಾಘದಲ್ಲಿ ಹೊತ್ತಿಕೊಂಡರೆ ಇನ್ನೊಬ್ಬರು ಚೈತ್ರದಲ್ಲಿ.
ಅದಕ್ಕೇ ಎಲ್ಲರ ನೂರನೇ ರೋಗಿಯನ್ನು ಹುಡುಕಿ
ಆ ದಿನಕ್ಕೆ ಸೊನ್ನೆ ಎಂದು ಹೆಸರಿಟ್ಟು
ಗೆರೆಗಳನ್ನು ಎಡಕ್ಕೆ ಜಗ್ಗಿದೆ.
ಜನಸಂಖ್ಯೆಯಿಂದ ಭಾಗಿಸಿದೆ. ಲಾಗ್ ಹಾಕಿದೆ.
ಬೆಟ್ಟಗಳೆಲ್ಲ ಗೋಡೆಗೆ ಒರಗಿಸಿಟ್ಟ ಏಣಿಗಳಾದವು.

ಮಾಲೀಕರ ಗದ್ದೆಗೆ ನೀರಿನ ಸರದಿ ಹೇಳಲು ಬಂದ
ನೀರುಗಂಟಿ ಬೋರಲಿಂಗಯ್ಯ
ಹೊಸ್ತಿಲಾಚೆಯೇ ನಿಂತು ನೋಡಿದ. ಮೂಗಿಗೆ ಕಟ್ಟಿದ ಟವೆಲ್ಲು ಜಾರಿತ್ತು.
"ನಾ ಮಾಡದೂ ಇದ್ನೇ ಕನವ್ವ.
ಇಲ್ಲಿ ತೂಬು ಎತ್ತುದ್ ದಿನ
ಕೊಪ್ಪದ ಕೊನೇ ಗದ್ದೇಲಿ ಒಂದು ಹನಿ ಇರಾಕಿಲ್ಲ.
ಇವ್ರ ಸ್ವಾಮಾರ ಅವ್ರಿಗೆ ಸುಕ್ರವಾರ.
ನೀರು ಮುಟ್ಟುದ್ ಗಳಿಗೆಯಿಂದ ಎಣಿಸ್ಬೇಕು."

ಇದನ್ನು ಕಲಿಯಲು ನನಗೆ ಗಂಗೋತ್ರಿಯಲ್ಲಿ ಎರಡು ವರ್ಷ ಹಿಡಿದಿತ್ತು.

ಹುಮ್ಮಸ್ಸಿನಲ್ಲಿ ಮೂರು ಮಡಿ ಬರೆದು ತೋರಿಸಿದೆ.
ಮೊದಲನೆಯದರಲ್ಲಿ ಇನ್ನೂ ತಗುಲದವರು,
ಎರಡನೆಯದರಲ್ಲಿ ತಗುಲಿದವರು,
ಮೂರನೆಯದರಲ್ಲಿ ಮುಗಿದವರು.
ನಡುವೆ ಎರಡು ತೂಬು: ಬೀಟಾ, ಗಾಮಾ.
ದೇಶ ಬದಲಾದರೆ ತೂಬಿನ ಅಗಲ ಬದಲು, ಮಡಿ ಅವೇ.

"ಮುಗ್ದೋರು ಅಂದ್ರೆ?"
ವಾಸಿಯಾದವರು. ಸತ್ತವರು. ಇಬ್ಬರೂ.
"ಪೈರು ಕುಡ್ದ ನೀರೂ
ಏಡಿ ಬಿಲದಾಗೆ ಸೋರೋದ ನೀರೂ ಒಂದೇ ಲೆಕ್ಕುಕ್ಕಾ?"
ಲೆಕ್ಕಕ್ಕೆ ಒಂದೇ. ಅವರಿನ್ನು ಯಾರಿಗೂ ಹರಡುವುದಿಲ್ಲ.

ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು
ಹಾಡು ಹಾಕದೆ ಹೋಯಿತು.

"ನಮ್ಮಕ್ಕ ಹೊಂಬಾಳವ್ವ ಯಾವ್ ಮಡೀಲವ್ಳೆ?"

ಅಮಾವಾಸ್ಯೆಗೆ ಕೆಮ್ಮು ಶುರು. ಮೂಗಿಗೆ ಕಡ್ಡಿ ಹಾಕುವವರು
ಬರುವಷ್ಟರಲ್ಲಿ ನಾಲೆ ಏರಿಯ ಪಕ್ಕ
ನಾಲ್ಕು ಜನ ಮಣ್ಣು ಮಾಡಿ ಬಂದಿದ್ದರು.
ಪರೀಕ್ಷೆ ಆಗದವಳು ಎರಡನೇ ಮಡಿಗೆ ಇಳಿಯಲಿಲ್ಲ,
ಇಳಿಯದೆ ಮೂರನೆಯದಕ್ಕೆ ದಾರಿಯಿಲ್ಲ.
ನನ್ನ ಹಾಳೆಯಲ್ಲಿ ಅವಳು ಮೊದಲನೆಯದರಲ್ಲೇ ಇದ್ದಾಳೆ,
ಗಟ್ಟಿಮುಟ್ಟಾಗಿ,
ಸೋಪಾನದ ಮೇಲೆ ಬಿಂದಿಗೆ ಬೆಳಗುತ್ತ,
ರೋಗ ಇನ್ನೂ ತಗುಲಬಹುದಾದವಳು.

ಗೊತ್ತಿಲ್ಲ ಅಂದೆ.
ಗೊತ್ತಿತ್ತು.

ಅವನು ಟವೆಲ್ಲು ಸರಿ ಮಾಡಿಕೊಂಡ.
"ಏಡಿ ಬಿಲುಕ್ಕೆ ಅಂತ ನಾ ಯಾವತ್ತೂ
ಒಂದು ಗೇಣು ಜಾಸ್ತಿ ಬುಡ್ತೀನಿ" ಅಂದ.
"ನಾಳೀಕೆ ಮೂರನೇ ಜಾವ ನಿಮ್ಮೋರ ಸರದಿ, ಹೇಳ್ಬುಡಿ."

ಆ ರಾತ್ರಿ ಬೀಟಾ ಗಾಮಾಗಳ ಪಕ್ಕ
ಒಂದು ಅಕ್ಷರ ತುರುಕಿದೆ: ಹೊ.
ಲೆಕ್ಕಕ್ಕೆ ಸಿಗದೆ ಮೊದಲನೇ ಮಡಿಯಿಂದ ನೇರ ನೆಲಕ್ಕೆ ಇಳಿದವರ ಪಾಲು.
ಅದನ್ನು ಕೂಡಿಸಿದ್ದೇ ಗೆರೆಗಳ ಸಾಲು ಕೆಟ್ಟಿತು.
ಯಾರು ಮೇಲೆ ಯಾರು ಕೆಳಗೆ, ಹೇಳಲಾಗಲಿಲ್ಲ.

ಪ್ರಬಂಧ ತಿದ್ದಲು ಹೋದದ್ದು ಆರು ತಿಂಗಳಿಗೆ ವಾಪಸು ಬಂತು.
ಅಂಚಿನಲ್ಲಿ ಯಾರೋ ಹೆಸರಿಲ್ಲದವರ ಟಿಪ್ಪಣಿ:
ಈ ಚಿಹ್ನೆ ಯಾವುದು, ವಿವರಿಸಿ.
ಇಟಲಿಗೆ ಇದರ ಬೆಲೆ ಎಷ್ಟು?

ಕೂತಿದ್ದೇನೆ.
ಅಲ್ಲಿಯೂ ಒಂದು ಹಳ್ಳಿಯಲ್ಲಿ, ಅವರ ಲಿಪಿಯಲ್ಲಿ,
ಯಾರ ಹೆಸರಿನ ಮೊದಲಕ್ಷರವೋ.