ಇನ್ನೂರು ಬಾವುಟ

ಬಿದಿಯಾದ ಈ ಓಟದ ದಾರಿ ಯಾಕಿಷ್ಟು ಹೆಸರುವಾಸಿ
ಎಂದು ಕೇಳಿದರೆ ಖಲ್ಫಾನ್ ಮರಳಿನ ಕಡೆ
ಗಡ್ಡ ಎತ್ತಿ ತೋರಿಸುತ್ತಾನೆ: ಆರನೇ ಕಿಲೋಮೀಟರು.
ಹೋದ ವಾರ ಇಲ್ಲಿತ್ತು. ಈ ವಾರ ಅಲ್ಲಿದೆ.

ಎರಡು ಹೆಜ್ಜೆ ಇಟ್ಟರೆ ಒಂದನ್ನು
ಬಡ್ಡಿಗೆ ಮುರಿದುಕೊಳ್ಳುವ ದಿಣ್ಣೆ.
ದಾಖಲೆ ಬರೆದಿಡುವುದಿಲ್ಲ ಯಾರೂ.
ಯಾವ ದಿಣ್ಣೆಯ ದಾಖಲೆ, ಮಾರಾಯ್ರೆ,
ಅದೇ ದಿಣ್ಣೆ ಎರಡು ಸಲ ಸಿಗುತ್ತದೆಯೆ?

ಆದರೆ ನಾನು ಕಂಡದ್ದು ಬೇರೆ.
ಜನ ಸೋಲುವುದು ದಿಣ್ಣೆಯ ಮೇಲಲ್ಲ, ಅದರಾಚೆ,
ಚಪಾತಿ ಮಣೆಯಂಥ ಬಯಲಿನಲ್ಲಿ.
ನೀರಿಟ್ಟ ಮೇಜು ಕಾಣುತ್ತದೆ, ಹಾಸಿದ ನೀಲಿ ಬಟ್ಟೆ ಕಾಣುತ್ತದೆ,
ಲೋಟ ಜೋಡಿಸುವ ಕೋಶಿಯ ಟೋಪಿಯೂ ಕಾಣುತ್ತದೆ,
ಓಡಿದಷ್ಟೂ ಅಲ್ಲೇ ಇರುತ್ತದೆ.
ಮಸ್ಕತ್ತಿನ ಬ್ಯಾಂಕಿನ ದೊಡ್ಡ ಮನುಷ್ಯರೊಬ್ಬರು
ಅಲ್ಲೇ ಕೂತು ಶೂ ಬಿಚ್ಚಿ
ಮರಳು ಸುರಿದರು, ಸುರಿದರು,
ಮತ್ತೆ ಹಾಕಿಕೊಳ್ಳಲಿಲ್ಲ.

ನಾನು ಓಡುವವನಲ್ಲ. ಶುಕ್ರವಾರ ಸುಬ್‌ಹಿಗೆ ಮುಂಚೆ
ಇನ್ನೂರು ಬಾವುಟ ಹೆಗಲಿಗೆ ಹಾಕಿ
ನೆಡುತ್ತಾ ಹೋಗುತ್ತೇನೆ, ಬಿಸಿಲೇರಿದ ಮೇಲೆ
ಕೀಳುತ್ತಾ ಬರುತ್ತೇನೆ. ಇದು ನಾಲ್ಕನೇ ಚಳಿಗಾಲ.
ನನ್ನ ಚಪ್ಪಲಿಗೆ ಗೊತ್ತು, ಬರುವಾಗಿನ ದಾರಿ ಉದ್ದ.

ಮೊನ್ನೆ ಎಣಿಸಿದರೆ ನೂರ ತೊಂಬತ್ತೊಂಬತ್ತು.
ವಾಪಸು ಹೋಗಿ ದಿಣ್ಣೆಯ ಬುಡದಲ್ಲಿ ತಡಕಿದೆ, ಮೊಣಕೈವರೆಗೆ.
ಮೇಲೆ ಕಾದ ಬಾಣಲೆ, ಒಳಗೆ ಮರಳು
ಇನ್ನೂ ರಾತ್ರಿಯಷ್ಟು ತಣ್ಣಗಿತ್ತು.
ಸ್ವಲ್ಪ ಹೊತ್ತು ಕೈ ತೆಗೆಯಲು ಮನಸ್ಸಾಗಲಿಲ್ಲ.

ಖಲ್ಫಾನ್ ಹಾರ್ನ್ ಹೊಡೆದ.
ರಿಜಿಸ್ಟರಿನಲ್ಲಿ ಬರೆದೆ: ಕಮ್ಮಿ ಒಂದು.
ಕಾರಣ ಎಂಬಲ್ಲಿ: ದಿಣ್ಣೆ.